ಟಕ್ ಎಂದಿತು, ಸುಮ್ಮನಾಯಿತು

ಕಳೆದ ಸಂಚಿಕೆಯ ಉಪ್ಪಿನಕಾಯಿ ಪುರಾಣ ಓದಿ ಹಲವು ಗೆಳತಿಯರು ಫೋನು ಮಾಡಿದ್ದಿರಿ. ಸಂತೋಷವಾಯಿತು. ಈ ಸಲ ಮಾತ್ರ ನಿಮ್ಮನ್ನು ಅಡುಗೆಮನೆಯಿಂದ ಎಬ್ಬಿಸಿ ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ. "ಇವಳಿಗ್ಯಾಕೆ ಗ್ಯಾರೇಜಿನ ಉಸಾಬರಿ?" ಎಂದು ಪುಟ ತಿರುವಿಬಿಡಬೇಡಿ. ನಾನೂ ಹಾಗೆಯೇ ಅಂದುಕೊಂಡಿದ್ದವಳು. ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಓದಿ, 1992ರಲ್ಲಿ ಮದುವೆಯಾಗಿ ಈ ಮುಂಬಯಿಯ ಉಪನಗರಕ್ಕೆ ಬಂದು ಬಿದ್ದವಳು. ಷೇಕ್ಸ್‌ಪಿಯರ್ ಗೊತ್ತು, ಶಾವಿಗೆ ಗೊತ್ತು, ಸ್ಟಾರ್ಟರ್ ಎಂದರೆ ಹೋಟೆಲಿನಲ್ಲಿ ಊಟಕ್ಕೆ ಮೊದಲು ತಂದಿಡುವ ತಿಂಡಿ ಎಂದಷ್ಟೇ ಗೊತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಪುಟ್ಟ ಕಾರಿದೆ. 2006ರಲ್ಲಿ ಕೊಂಡದ್ದು. 2021ರಲ್ಲಿ ಅದಕ್ಕೆ ಹದಿನೈದು ವರ್ಷ ತುಂಬಿದಾಗ ತಪಾಸಣೆ ಮಾಡಿಸಿ, ಮತ್ತೆ ಐದು ವರ್ಷಕ್ಕೆ ನೋಂದಣಿ ಮಾಡಿಸಿದೆವು. ಪುಣೆಯಲ್ಲಿರುವ ಮಗ ಅಂದೇ ಹೇಳಿದ್ದ, "ಅಮ್ಮಾ, ಮಾರಿಬಿಡ್ರಿ ಅದನ್ನ, ಯಾಕ ಆ ಮುದಿ ಗಾಡಿ?" ಮುದಿ ಎಂಬ ಮಾತು ನನಗೆ ಹಿಡಿಸಲಿಲ್ಲ. ಐವತ್ತು ದಾಟಿದ ಮೇಲೆ ಆ ಶಬ್ದ ಕೇಳಿದರೆ ಯಾರನ್ನು ಕುರಿತು ಹೇಳಿದರೂ ನಮಗೇ ತಾಗುತ್ತದೆ, ಅಲ್ಲವೇ?

2024ರ ಜನವರಿಯಲ್ಲಿ ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಂಬತ್ತೆರಡು ವರ್ಷ. ಶಸ್ತ್ರಚಿಕಿತ್ಸೆ ಆಯಿತು. ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು: "ವ್ಯಾಯಾಮ ತಪ್ಪಿಸಬೇಡಿ. ಈ ಕೆಲವು ತಿಂಗಳಲ್ಲಿ ನಡೆದರೆ ನಡೆದರು. ಹಾಸಿಗೆ ಹಿಡಿದರೆ ಆಮೇಲೆ ಎಬ್ಬಿಸುವುದು ಕಷ್ಟ." ಮಂಗಳವಾರ, ಶುಕ್ರವಾರ ಫಿಜಿಯೋಥೆರಪಿ. ರಿಕ್ಷಾದ ಮೆಟ್ಟಿಲಿಗೆ ಕಾಲೆತ್ತಿ ಇಡುವುದು ಅವರಿಂದ ಆಗುತ್ತಿರಲಿಲ್ಲ. ನಮ್ಮ ಕಾರಿನ ಮುಂದಿನ ಸೀಟಿಗೆ ಮಾತ್ರ ಮೊದಲು ಕುಳಿತು, ಆಮೇಲೆ ಎರಡೂ ಕಾಲು ಒಳಗೆ ತಂದುಕೊಳ್ಳುವುದು ರೂಢಿಯಾಗಿತ್ತು. ಹೀಗೆ ಆ ಮುದಿ ಗಾಡಿ ನಮ್ಮ ಮನೆಯ ಆಧಾರಸ್ತಂಭವಾಯಿತು. ನಮ್ಮವರಿಗೆ ಕಣ್ಣಿನ ಪೊರೆಯ ತೊಂದರೆ, ಆದ್ದರಿಂದ ಸಾರಥ್ಯ ನನ್ನದು.

ಆಗಲೇ ಅದು ಆಟ ಹೂಡಿತು. ಒಂದು ದಿನ ಕೀಲಿ ತಿರುಗಿಸಿದರೆ "ಟಕ್" ಎಂದಿತು, ಸುಮ್ಮನಾಯಿತು. ಹತ್ತು ಸಲ ತಿರುಗಿಸಿದರೂ ಅದೇ ಟಕ್. ಅರ್ಧ ಗಂಟೆ ಬಿಟ್ಟು ಮತ್ತೆ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು! ವಾರವಿಡೀ ಚೆನ್ನಾಗಿತ್ತು. ಮುಂದಿನ ವಾರ ಮತ್ತೆ ಟಕ್.

ಪೂರ್ತಿ ಕೆಟ್ಟ ಗಾಡಿಯನ್ನು ರಿಪೇರಿ ಮಾಡುವುದು ಸುಲಭ. ಒಮ್ಮೆ ಕೆಟ್ಟು ಒಮ್ಮೆ ಸರಿಯಾಗುವ ಗಾಡಿಯ ಪಾಡು ಬೇರೆ. ರಾತ್ರಿಯಿಡೀ ಕಾಡಿದ ಹಲ್ಲುನೋವು ಡಾಕ್ಟರ ಕುರ್ಚಿಯಲ್ಲಿ ಕುಳಿತೊಡನೆ ಮಾಯವಾಗುತ್ತದಲ್ಲ, ಹಾಗೆ. ಗ್ಯಾರೇಜಿಗೆ ಒಯ್ದರೆ ಒಂದೇ ಸಲಕ್ಕೆ ಚಾಲೂ. ಗ್ಯಾರೇಜಿನ ಹುಡುಗ ನನ್ನ ಮುಖ ನೋಡಿ ನಕ್ಕ. "ಬ್ಯಾಟರಿ ಹಳೇದಾಗಿದೆ, ಬದಲಿಸಿ" ಎಂದ. 4,200 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆವು. ಹದಿನೈದು ದಿನ ಸುಖ. ಮತ್ತೆ ಟಕ್! "ಹಾಗಾದರೆ ಸ್ಟಾರ್ಟರ್" ಎಂದರು. ಅದನ್ನು ಬಿಚ್ಚಿ ದುರಸ್ತಿ ಮಾಡಿಸಲು 2,800. ಮತ್ತೆ ಹತ್ತು ದಿನ ಸುಖ. ಮತ್ತೆ ಟಕ್. ಒಟ್ಟು 7,000 ರೂಪಾಯಿ ಕೈಬಿಟ್ಟಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ತಾನಾಗಿ ಬಂದು ತಾನಾಗಿ ಹೋಗುವ ಕಾಯಿಲೆಗೆ ಯಾವ ಮದ್ದು ಮಾಡಿದರೂ ಕೆಲವು ದಿನ ಗುಣವಾದಂತೆ ಕಾಣುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ. ಕೊನೆಗೆ ಮಾಡಿದ ಮದ್ದಿಗೆ ಕೀರ್ತಿ, ನಮಗೆ ಖರ್ಚು.

ಜುಲೈ ತಿಂಗಳ ಒಂದು ಶುಕ್ರವಾರ. ಧೋ ಎಂದು ಮಳೆ. ಅತ್ತೆಯವರ ವ್ಯಾಯಾಮ ಮುಗಿಸಿ ಕಾರಿನಲ್ಲಿ ಕೂರಿಸಿದೆ. ಕೀಲಿ ತಿರುಗಿಸಿದೆ. ಟಕ್. ಗ್ಯಾರೇಜಿಗೆ ಫೋನು ಮಾಡಿದರೆ ಎತ್ತಲಿಲ್ಲ. ರಸ್ತೆಯಲ್ಲಿ ಮೊಣಕಾಲುದ್ದ ನೀರು ಏರುವ ಲಕ್ಷಣ. ಒಂದು ಗಂಟೆ ಕುಳಿತೆವು. ಅತ್ತೆಯವರು ಮೊದಲು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ಬಚ್ಚಲಕ್ಕ ಹೋಗಬೇಕಾಗೇದವಾ" ಎಂದರು. ಮತ್ತೆ ಆ ಮೆಟ್ಟಿಲು ಹತ್ತಿಸಿ ಒಳಗೆ ಕರೆದೊಯ್ಯುವಷ್ಟು ತಡೆದುಕೊಳ್ಳಲು ಅವರಿಂದ ಆಗಲಿಲ್ಲ. ಅದರ ವಿವರ ಬೇಡ. ಕೊನೆಗೆ ವಾಚ್‌ಮನ್ ಮತ್ತು ಇಬ್ಬರು ಹುಡುಗರು ನೆನೆಯುತ್ತ ಗಾಡಿ ದೂಡಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ಒಂದೇ ದೂಡಿಗೆ ಎಂಜಿನ್ ಹೊತ್ತಿಕೊಂಡಿತು.

ಮನೆಗೆ ಬಂದು ಬಟ್ಟೆ ಬದಲಿಸುವಾಗ ಅತ್ತೆಯವರು ಗೋಡೆ ಕಡೆ ಮುಖ ಮಾಡಿ ಹೇಳಿದರು, "ನಾ ಇನ್ನ ಎಲ್ಲೂ ಬರಂಗಿಲ್ಲವಾ. ಸಾಕಾತು." ಮಂಗಳವಾರ ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ. ಡಾಕ್ಟರ ಮಾತು ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಅಂದು ರಾತ್ರಿ ನಿದ್ದೆ ಬಾರದೆ, ಅತ್ತೆಯವರ ಔಷಧಿಯ ಪುಸ್ತಕ ತಿರುವುತ್ತಿದ್ದೆ. ವರ್ಷದ ಹಿಂದೆ ಅವರಿಗೆ ಆಗಾಗ ತಲೆ ತಿರುಗುತ್ತಿತ್ತು. ಡಾಕ್ಟರ ಬಳಿ ಹೋದಾಗಲೆಲ್ಲ ಬಿ.ಪಿ. ಸರಿಯಾಗಿಯೇ ಇರುತ್ತಿತ್ತು. ಆಗ ಡಾಕ್ಟರು, "ಯಾವಾಗ ತಿರುಗಿತು, ಅದಕ್ಕೆ ಮೊದಲು ಏನು ಮಾಡುತ್ತಿದ್ದರು, ಬರೆದಿಡಿ" ಎಂದಿದ್ದರು. ಎರಡು ವಾರ ಬರೆದಾಗ ಗೊತ್ತಾಯಿತು: ಕುಳಿತವರು ದಿಢೀರನೆ ಎದ್ದಾಗ ಮಾತ್ರ ತಿರುಗುತ್ತಿತ್ತು. ಒಂದು ಮಾತ್ರೆಯ ಪ್ರಮಾಣ ಇಳಿಸಿದರು, ಕಡಿಮೆಯಾಯಿತು.

ಕಾರಿಗೂ ಒಂದು ಪುಸ್ತಕ ಇಟ್ಟರೆ ಏನು? ಮಗನ ಹಳೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ಬರೆದೆ: ತಾರೀಖು, ಹೊತ್ತು, ಎಷ್ಟು ಹೊತ್ತು ಓಡಿತ್ತು, ಎಷ್ಟು ಹೊತ್ತು ನಿಂತಿತ್ತು, ಮಳೆಯೋ ಬಿಸಿಲೋ, ಕೀಲಿ ತಿರುಗಿಸಿದಾಗ ಎಂಥ ಸದ್ದು, ಹೇಗೆ ಚಾಲೂ ಆಯಿತು. ನಮ್ಮವರು ನೋಡಿ, "ಏನಿದು, ಗಾಡೀ ಜಾತಕ ಬರಿಲಿಕ್ಹತ್ತೀಯೇನು?" ಎಂದು ನಕ್ಕರು. ಬರೆದೆ. ಸಂತೆಗೆ, ದೇವಸ್ಥಾನಕ್ಕೆ, ಸುಮ್ಮನೆ ಒಂದು ಸುತ್ತಿಗೆ ಅಂತ ಮೂರು ವಾರ ಒಬ್ಬಳೇ ಓಡಿಸಿದೆ.

ಸದ್ದಿನ ಅಂಕಣವೇ ಮುಖ್ಯ ಎಂದು ಆಮೇಲೆ ತಿಳಿಯಿತು. ಚಾಲೂ ಆಗದ ಗಾಡಿ ಮೂರು ಥರ ಮಾತಾಡುತ್ತದೆ. ನಮ್ಮ ಗ್ಯಾಸ್ ಒಲೆಯನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ.

ಮೊದಲನೆಯದು: "ಗರ್ ಗರ್ ಗರ್" ಎಂದು ಎಂಜಿನ್ ಜೋರಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ. ಒಲೆಯ ಗುಂಡಿ ತಿರುಗುತ್ತಿದೆ, ಒಂದೋ ಗ್ಯಾಸ್ ಬರುತ್ತಿಲ್ಲ, ಇಲ್ಲವೆ ಲೈಟರಿನ ಕಿಡಿ ಬರುತ್ತಿಲ್ಲ. ಅಂದರೆ ಪೆಟ್ರೋಲಿನ ದಾರಿ ನೋಡಬೇಕು, ಕಿಡಿಯ ದಾರಿ ನೋಡಬೇಕು. ಇಂಥ ಗಾಡಿಗೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ.

ಎರಡನೆಯದು: "ಗರ್... ರ್... ರ್" ಎಂದು ಎಳೆದೆಳೆದು ತಿರುಗಿ ಸೋಲುತ್ತದೆ, ದೀಪಗಳು ಮಂಕಾಗುತ್ತವೆ. ಇದು ಹೆಚ್ಚಾಗಿ ಬ್ಯಾಟರಿಯ ಶಕ್ತಿ ಕುಂದಿದ ಲಕ್ಷಣ.

ಮೂರನೆಯದು ನಮ್ಮದು: ಬರಿಯ "ಟಕ್", ಅಥವಾ ಅದೂ ಇಲ್ಲ. ಎಂಜಿನ್ ತಿರುಗುವುದೇ ಇಲ್ಲ. ಕೀಲಿ, ಸ್ಟಾರ್ಟರ್, ಅವುಗಳ ನಡುವಿನ ತಂತಿಗಳು, ಈ ದಾರಿಯಲ್ಲಿ ಎಲ್ಲೋ ವಿದ್ಯುತ್ತಿಗೆ ಅಡ್ಡಿಯಿದೆ. ದೂಡಿದರೆ ಚಾಲೂ ಆಗುವುದಾದರೆ ಪೆಟ್ರೋಲು ಮತ್ತು ಕಿಡಿ ಎರಡೂ ಸರಿ ಇವೆ ಎಂದೇ ಅರ್ಥ. ಆ ಮಳೆಯಲ್ಲಿ ದೂಡಿದ ಹುಡುಗರು ತಮಗೆ ತಿಳಿಯದೆಯೇ ಅರ್ಧ ಪರೀಕ್ಷೆ ಮಾಡಿಕೊಟ್ಟಿದ್ದರು!

ಇನ್ನೊಂದು ಪರೀಕ್ಷೆ ನೀವೂ ಮಾಡಬಹುದು, ಕಾಸು ಖರ್ಚಿಲ್ಲ. ಹೆಡ್‌ಲೈಟ್ ಹಾಕಿ, ಗೋಡೆಯ ಮೇಲೆ ಬೆಳಕು ಬೀಳುವಂತೆ ಗಾಡಿ ನಿಲ್ಲಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಬೇಕು. ಕೀಲಿ ತಿರುಗಿಸಿ. ಬೆಳಕು ಪೂರಾ ಕುಗ್ಗಿದರೆ ಬ್ಯಾಟರಿಯನ್ನು, ಅದರ ತಲೆಗೆ ಕೂತ ಕ್ಲಾಂಪುಗಳನ್ನು ಸಂಶಯಿಸಿ. ಬೆಳಕು ಕುಗ್ಗದೆ ನಿಂತು, ಎಂಜಿನ್ನೂ ಸುಮ್ಮನಿದ್ದರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಅದು ಸ್ಟಾರ್ಟರಿಗೆ ಮುಟ್ಟುತ್ತಿಲ್ಲ. ನಮ್ಮ ಗಾಡಿ ಟಕ್ ಎಂದಾಗ ಬೆಳಕು ಚೂರೂ ಅಲುಗಲಿಲ್ಲ. ಕಾಲೇಜಿನಲ್ಲಿ ಓದಿದ ಷರ್ಲಾಕ್ ಹೋಮ್ಸನ "ಸಿಲ್ವರ್ ಬ್ಲೇಜ್" ಕಥೆ ನೆನಪಾಯಿತು. ಅಲ್ಲಿ ರಾತ್ರಿ ನಾಯಿ ಬೊಗಳದೆ ಇದ್ದದ್ದೇ ಕಳ್ಳನ ಸುಳಿವು. ಇಲ್ಲಿ ದೀಪ ಮಂಕಾಗದೆ ಇದ್ದದ್ದೇ ಸುಳಿವು. ನೋಡಿ, ಬಿ.ಎ. ಪದವಿ ವ್ಯರ್ಥವಾಗಲಿಲ್ಲ!

ಮೂರು ವಾರದ ಕೊನೆಗೆ ಲೆಕ್ಕ ಹಾಕಿದೆ. ಮೂವತ್ತೊಂದು ಸಲ ಕೀಲಿ ತಿರುಗಿಸಿದ್ದೆ, ಆರು ಸಲ ಟಕ್. ಆರೂ ಸಲ ಗಾಡಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಓಡಿ, ಒಂದು ಗಂಟೆಯೊಳಗೆ ಮತ್ತೆ ತಿರುಗಿಸಿದಾಗಲೇ. ಬೆಳಗಿನ ತಣ್ಣನೆಯ ಗಾಡಿ ಒಮ್ಮೆಯೂ ಮುನಿಸಿಕೊಂಡಿರಲಿಲ್ಲ. ಮಳೆಗೂ ಇದಕ್ಕೂ ಸಂಬಂಧವಿಲ್ಲ, ಬಿಸಿಗೆ ಸಂಬಂಧವಿದೆ. ಆ ಫಿಜಿಯೋಥೆರಪಿ ಮುಕ್ಕಾಲು ಗಂಟೆಯದು. ಸರಿಯಾಗಿ ಅದರ ಕೈಗೆ ಸಿಕ್ಕಿಬೀಳುತ್ತಿದ್ದೆವು.

ಪುಸ್ತಕ ಹಿಡಿದು ಹೋದದ್ದು ಆ ಗ್ಯಾರೇಜಿಗಲ್ಲ. ಸ್ಟೇಶನ್ನಿನ ಆಚೆ ಕಡೆ, ಒಂದು ಸಣ್ಣ ಗಾಳಾದಲ್ಲಿ ಕೂರುವ ವಯಸ್ಸಾದ ಮರಾಠಿ ಎಲೆಕ್ಟ್ರಿಷಿಯನ್ ಕಾಕಾನ ಬಳಿ. ಆತ ಆಯುಷ್ಯವೆಲ್ಲ ಕಳೆದದ್ದು ಮುಂಬಯಿಯ ಕಾಳಿ-ಪೀಳಿ ಪದ್ಮಿನಿ ಟ್ಯಾಕ್ಸಿಗಳ ತಂತಿ ಜೋಡಿಸುತ್ತ. ಆ ಟ್ಯಾಕ್ಸಿಗಳಲ್ಲಿ ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರಿನ ಕೊನೆಗೆ ಅವುಗಳ ಕಾಲ ಮುಗಿಯಿತು. ನಮ್ಮೂರಿಂದ ಬಂದು ದಾದರಿನಲ್ಲೋ ವಿ.ಟಿ.ಯಲ್ಲೋ ಇಳಿದು ಟ್ರಂಕು ಹೇರಿಕೊಂಡು ಹೋದ ನಮ್ಮ ತಲೆಮಾರಿನವರಿಗೆ ಅವು ಬರಿಯ ಗಾಡಿಗಳಾಗಿರಲಿಲ್ಲ, ಬಿಡಿ.

ಕಾಕಾ ನನ್ನ ನೋಟುಬುಕ್ಕನ್ನು ಕನ್ನಡಕ ಏರಿಸಿ ನೋಡಿದ. ಅಕ್ಷರ ಕನ್ನಡ, ಅವನಿಗೆ ಓದಲು ಬರದು. ನಾನೇ ಮರಾಠಿಯಲ್ಲಿ ಹೇಳಿದೆ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ: "ವಹಿನಿ, ಕ್ಲಚ್ ವಾಯರ್ ಆಗಾಗ ಹೋಗುತ್ತದೆಯೇ?" ನಾನು ಬೆಪ್ಪಾದೆ. ಒಂದೇ ವರ್ಷದಲ್ಲಿ ಎರಡು ಸಲ ಕ್ಲಚ್ ವಾಯರ್ ಬಿಗಿಯಾಗಿ ಬದಲಿಸಿದ್ದೆವು! ಅವನು ತಲೆಯಾಡಿಸಿ, "ಆಜಾರೀ ಅಸತಾನಾ ಆಣಾ" ಎಂದ. ಕಾಯಿಲೆ ಇರುವಾಗಲೇ ಕರೆತನ್ನಿ ಎಂದು. ಸರಿ, ಮಾರನೆಯ ದಿನ ಕಾರನ್ನು ಅರ್ಧ ಗಂಟೆ ಓಡಿಸಿ ಬಿಸಿ ಮಾಡಿ ಅವನ ಅಂಗಡಿಯ ಮುಂದೆ ನಿಲ್ಲಿಸಿದೆ. ಇಬ್ಬರೂ ಚಹಾ ಕುಡಿಯುತ್ತ ಅದು ಕೆಡಲೆಂದು ಕಾದು ಕುಳಿತೆವು. ಹತ್ತು ನಿಮಿಷಕ್ಕೆ ತಿರುಗಿಸಿದೆ, ಚಾಲೂ ಆಯಿತು, ಆರಿಸಿದೆ. ಇಪ್ಪತ್ತೈದು ನಿಮಿಷಕ್ಕೆ ತಿರುಗಿಸಿದೆ: ಟಕ್. ಅಷ್ಟು ಖುಷಿಯಾಗಿ ಆ ಸದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಕಾಕಾ ಮೀಟರ್ ತಂದ. ಬ್ಯಾಟರಿಯ ಎರಡು ತುದಿಗೆ ಹಿಡಿದರೆ 12.5 ವೋಲ್ಟ್. ಬ್ಯಾಟರಿ ಆರೋಗ್ಯವಾಗಿತ್ತು. ಆಮೇಲೆ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತಲೆಗೂ ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೂ ಹಿಡಿದು, ಕೀಲಿ ತಿರುಗಿಸಲು ಹೇಳಿದ. ಅಲ್ಲಿ ಅರ್ಧ ವೋಲ್ಟೂ ಕಾಣಬಾರದು. 3.4 ಕಂಡಿತು! ಒಂದು ದಪ್ಪ ಕೇಬಲ್ ತಂದು ಬ್ಯಾಟರಿಯ ಮೈನಸ್ಸಿನಿಂದ ನೇರ ಎಂಜಿನ್ನಿಗೆ ಸಿಕ್ಕಿಸಿದ. "ಆತಾ ಮಾರಾ" ಎಂದ. ತಿರುಗಿಸಿದೆ. ಗರ್ರ್ ಎಂದು ಒಂದೇ ಏಟಿಗೆ ಚಾಲೂ!

ಏನಾಗಿತ್ತು ಗೊತ್ತೇ? ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋದ ವಿದ್ಯುತ್ತು ಮರಳಿ ಬ್ಯಾಟರಿಗೆ ಬರಬೇಕಷ್ಟೆ. ಆ ಮರಳುವ ದಾರಿ ಕಾರಿನ ಮೈಯೇ. ಆದರೆ ಎಂಜಿನ್ ರಬ್ಬರ್ ತುಂಡುಗಳ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಅದಕ್ಕಾಗಿ ಎಂಜಿನ್ನಿಗೂ ಕಾರಿನ ಮೈಗೂ ನಡುವೆ ಸಣ್ಣ ತಾಮ್ರದ ಎಳೆಗಳನ್ನು ಹೆಣೆದ, ಜಡೆಯಂಥ ಒಂದು ಪಟ್ಟಿ ಹಾಕಿರುತ್ತಾರೆ. ಅರ್ಥಿಂಗ್ ಪಟ್ಟಿ. ಕಾಕಾ ಅದನ್ನು ಬಿಚ್ಚಿ ನನ್ನ ಕೈಗಿಟ್ಟ. ಎಳೆಗಳು ಅರ್ಧಕ್ಕರ್ಧ ಹರಿದಿದ್ದವು. ಉಳಿದದ್ದೆಲ್ಲ ಹಸಿರು ಕಿಲುಬು. ಮುಂಬಯಿಯ ಉಪ್ಪುಗಾಳಿ, ಮಳೆಯ ತೇವ, ಹದಿನೆಂಟು ವರ್ಷ. ದೇವರ ಮನೆಯ ತಾಮ್ರದ ತಂಬಿಗೆಯನ್ನು ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುವ ನನಗೆ ಆ ಹಸಿರು ಗುರುತಿಸಲು ಯಾರೂ ಕಲಿಸಬೇಕಾಗಿರಲಿಲ್ಲ. ಅದು ನನ್ನ ಗಾಡಿಯಲ್ಲೂ ಇರಬಹುದೆಂದು ಹೊಳೆದಿರಲಿಲ್ಲ, ಅಷ್ಟೆ.

ಒಂದು ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪಿಯರ್. ಸ್ಟಾರ್ಟರ್ ಆ ಒಂದು ಕ್ಷಣಕ್ಕೆ ನೂರಕ್ಕೂ ಹೆಚ್ಚು ಎಳೆಯುತ್ತದೆ. ಅಷ್ಟು ದೊಡ್ಡ ಹೊಳೆ ನಾಲ್ಕು ಎಳೆಯಲ್ಲಿ ಹರಿಯುವುದು ಹೇಗೆ? ಬಿಸಿಯಾದಾಗ ಲೋಹ ಹಿಗ್ಗಿ, ಕಿಲುಬು ಹಿಡಿದ ಬೋಲ್ಟಿನ ಜಾಗದಲ್ಲಿ ಹಿಡಿತ ಸಡಿಲಾಗುತ್ತಿತ್ತು. ತಣಿದಾಗ ಮತ್ತೆ ಕೂಡಿಕೊಳ್ಳುತ್ತಿತ್ತು. ಹೆದ್ದಾರಿ ಮುಚ್ಚಿದಾಗ ವಿದ್ಯುತ್ತು ಗಲ್ಲಿ ಹುಡುಕುತ್ತದೆ. ಸಿಕ್ಕ ಗಲ್ಲಿ ನಮ್ಮ ಕ್ಲಚ್ ವಾಯರ್. ಅದು ಕಾದು ಕಾದು ಬಿಗಿಯುತ್ತಿತ್ತು. ಆ ಒಂದು ಪ್ರಶ್ನೆಯಲ್ಲಿ ಕಾಕಾನ ಅಷ್ಟು ವರ್ಷದ ಅನುಭವ ಇತ್ತು.

ಹೊಸ ಪಟ್ಟಿ, ಕೂಲಿ ಸೇರಿ 450 ರೂಪಾಯಿ. ನಮ್ಮವರು 7,000ದ ಲೆಕ್ಕ ತೆಗೆಯಬಾರದೆಂದು ನಾನು ಬೇಗನೆ ಚಪಾತಿ ಬಡಿಸಿದೆ.

ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದ್ದರೆ ನಾಲ್ಕು ಮಾತು ನೆನಪಿಡಿ. ಬ್ಯಾಟರಿಯ ತಲೆಯ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನೀರಿನಿಂದ ತೊಳೆದು ಒರೆಸಿ, ಬಿಗಿ ಮಾಡಿ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಿನ್ನದ ಬಳೆ, ಉಂಗುರ ತೆಗೆದಿಟ್ಟೇ ಕೈ ಹಾಕಿ, ಬ್ಯಾಟರಿಯ ಎರಡು ತಲೆಗೆ ಲೋಹ ತಾಗಿದರೆ ಕೈ ಸುಡುತ್ತದೆ. ಚಾಲೂ ಆಗದಿದ್ದಾಗ ಹಟ ಹಿಡಿದು ಕೀಲಿ ತಿರುಗಿಸುತ್ತಲೇ ಇರಬೇಡಿ, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಬಿಡುವು ಕೊಡಿ. ಎಲ್ಲಕ್ಕಿಂತ ಮಿಗಿಲಾಗಿ, ಸಾಮಾನು ಬದಲಿಸುವ ಮೊದಲು ಬರೆದಿಡಿ. "ಅಳೆದು ತೋರಿಸಿ" ಎಂದು ಕೇಳಿ. ಅಳೆಯದೆ ಬದಲಿಸುವವನಿಗೆ ನಿಮ್ಮ ಹಣದ ಚಿಂತೆ ಇಲ್ಲ.

"ಇದು ಗಂಡಸರ ಕೆಲಸ" ಎನ್ನುವವರಿಗೆ ಒಂದು ಕಥೆ ಹೇಳಿಬಿಡುತ್ತೇನೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಟಾ ಬೆಂಜ್ ಎಂಬ ಗೃಹಿಣಿ, ಗಂಡನಿಗೆ ಹೇಳದೆ, ಅವನು ಕಟ್ಟಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಮಾನ್‌ಹೈಮ್ ಊರಿನಿಂದ ಪ್ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಹೋದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಇಂಧನ ಮುಗಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಅಷ್ಟು ದೂರದ ಮೊದಲ ಮೋಟಾರು ಪ್ರಯಾಣ ಮಾಡಿ, ದಾರಿಯ ರಿಪೇರಿಯನ್ನೂ ಮಾಡಿದವಳು ತವರಿಗೆ ಹೊರಟ ಒಬ್ಬ ತಾಯಿ!

ಇನ್ನು ನಮ್ಮ ಅತ್ತೆಯವರು. ಪಟ್ಟಿ ಹಾಕಿಸಿ ಬಂದ ಮೇಲೆ ಒಂದು ವಾರ ನಾನು ಅವರಿಗೆ ಏನೂ ಹೇಳಲಿಲ್ಲ. ಮತ್ತೆ ಬರೆದೆ. ಹನ್ನೆರಡು ಸಲ ಬಿಸಿ ಗಾಡಿಯನ್ನೇ ತಿರುಗಿಸಿದೆ, ಹನ್ನೆರಡು ಸಲವೂ ಚಾಲೂ. ಕೊಂಬೆ ಮುರಿದದ್ದು ಕಾಗೆಯಿಂದಲ್ಲ ಎಂದು ಖಾತ್ರಿಯಾಗಬೇಕಿತ್ತಲ್ಲ! ಆಮೇಲೆ ಅವರ ಪಕ್ಕ ಕೂತು, ನೋಟುಬುಕ್ಕು ತೆರೆದು ಒಂದೊಂದೇ ಸಾಲು ಓದಿದೆ. ಕಿಲುಬು ಹಿಡಿದ ಪಟ್ಟಿಯನ್ನೂ ತೋರಿಸಿದೆ. ಅವರು ಅದನ್ನು ಬೆರಳಲ್ಲಿ ತಿರುವಿ ತಿರುವಿ ನೋಡಿದರು.

"ಇಷ್ಟ ಸಣ್ಣದಕ್ಕ ಅಷ್ಟ ರಾದ್ಧಾಂತೇನವಾ?" ಎಂದರು.

"ಹೌದ್ರೀ ಅತ್ತ್ಯಾ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೋಗೂ ಮುಂದ ನಮ್ಮ ಬಾಗಲದಾಗ ಒಂದ ಸಲ ಚಾಲೂ ಮಾಡಿ ತೋರ್ಸು. ಆಮ್ಯಾಲೆ ಬರ್ತೀನಿ" ಎಂದರು.

ಶುಕ್ರವಾರ ಕರೆದುಕೊಂಡು ಹೋದೆ. ವ್ಯಾಯಾಮ ಮುಗಿಸಿ ಬಂದು ಸೀಟಿನಲ್ಲಿ ಕೂತಾಗ ಅವರ ಕೈ ನನ್ನ ತೋಳು ಹಿಡಿದಿತ್ತು. ಕೀಲಿ ತಿರುಗಿಸಿದೆ. ಗಾಡಿ ಹೊರಟಿತು. ಮುಂದಿನ ರಸ್ತೆ ತಿರುಗುವತನಕ ಅವರು ಕೈ ಬಿಡಲಿಲ್ಲ.

ಆ ದೀಪಾವಳಿಗೆ ಅವರು ಕೋಲು ಹಿಡಿದು ದೇವರ ಮನೆತನಕ ತಾವೇ ನಡೆದು ಹೋಗಿ ಆರತಿ ಮಾಡಿದರು. ಆ ಹಳೆಯ ಪಟ್ಟಿಯನ್ನು ನಾನು ಎಸೆದಿಲ್ಲ, ಹೊಲಿಗೆ ಡಬ್ಬಿಯಲ್ಲಿದೆ. ನಿಮ್ಮ ಮನೆಯ ಗಾಡಿಯೂ ಟಕ್ ಎಂದರೆ ನನಗೆ ಫೋನು ಮಾಡಿ. ಮೊದಲು ಮಾತ್ರ ಮೂರು ವಾರ ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳು ಮತ್ತೆ ಅಡುಗೆಮನೆಯಲ್ಲೇ ಭೇಟಿಯಾಗೋಣ.